ಎಣ್ಣೆ ಪೈಪು ಮತ್ತು ಚೌಡಪ್ಪನ ಅಪ್ಪ

ಕಚ್ಚಾ ಎಣ್ಣೆಯ ಪೈಪು ಹಾಯಿಸಲು ಬಂದ ಸಾಹೇಬರು, ಹೆಣದ ಗುಂಡಿ ತೋಡುವ ಚೌಡಪ್ಪನಿಗೆ "ಈ ಸ್ಮಶಾನ ಪೂರ್ತಿ ಅಗೆದುಹಾಕೋ" ಎಂದು ಗದರಿದರು.

"ಅಗೀತೀನಿ ಸ್ವಾಮಿ. ಆದ್ರೆ ಇಲ್ಲಿ ಮಲಗಿರೋ ನಮ್ಮಪ್ಪ ಎಣ್ಣೆ ಅಂದ್ರೆ ಪ್ರಾಣ ಬಿಡ್ತಿದ್ದ. ಕೊನೆಗೆ ಬಿಟ್ಟೂಬಿಟ್ಟ. ನಿಮ್ಮ ಪೈಪಿಗೇ ಬಾಯಿ ಹಾಕಿದ್ರೆ?"

"ಥೂ, ಇದು ಕುಡಿಯೋ ಎಣ್ಣೆ ಅಲ್ಲವೋ!"

"ಅವನಿಗೆ ಅದನ್ನ ಹೇಳೋರು ಯಾರು?"

ಚೌಡಪ್ಪ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬ್ರಾಂದಿ ಬಾಟಲಿಯನ್ನು ತೆಗೆದು, ಬೋರಲು ಮಾಡಿ ಅಪ್ಪನ ಸಮಾಧಿಯ ಮಣ್ಣಿಗೆ ಚುಚ್ಚಿದ. ಗುಳುಗುಳು ಸದ್ದಾಯಿತು. ಬಾಟಲಿ ಬರಿದಾಯಿತು. ಸಾಹೇಬರ ಮುಖ ಬಿಳಿಚಿಕೊಂಡಿತು. "ಪೈಪು ರದ್ದು!" ಎನ್ನುತ್ತಲೇ ಜೀಪು ಹತ್ತಿದರು.

ಚೌಡಪ್ಪ ನಗುತ್ತ ಮಣ್ಣು ಸರಿಸಿದ. ಬೆಳಿಗ್ಗೆ ತಾನೇ ಅಲ್ಲಿ ಹೂತಿಟ್ಟಿದ್ದ ಮಡಕೆಯನ್ನು, ಬ್ರಾಂದಿ ಕುಡಿಯೋಣವೆಂದು ಎತ್ತಿದ. ಮಡಕೆ ಒಡೆದಿರಲಿಲ್ಲ. ಒಳಗೆ ಒಂದು ಹನಿಯೂ ಇರಲಿಲ್ಲ.

ನೆಲದಡಿಯಿಂದ ತೇಗು ಕೇಳಿಸಿತು. ಅಪ್ಪನದೇ.