ಅರ್ಜಿ ಕೊಟ್ಟು ಬಂದ ಜ್ವರ

ಗದಗಿನ ಹಪ್ಪಳದ ಕಾರ್ಖಾನೆಯ ಮಾಲೀಕ ಗುರುಸಿದ್ದಪ್ಪನವರು ಒಂದು ನೋಟಿಸು ಹಚ್ಚಿಸಿದರು: ‘ಕಾಯಿಲೆ ರಜೆಗೆ ಹದಿನೈದು ದಿನ ಮೊದಲೇ ಅರ್ಜಿ ಕೊಡಬೇಕು. ಇಲ್ಲದಿದ್ದರೆ ಕೆಲಸದಿಂದ ತೆಗೆಯಲಾಗುವುದು.’

ಕೆಲಸದ ಮೂವತ್ತು ಹೆಂಗಸರೂ ಕಂಗಾಲಾದರು. ಗುಮಾಸ್ತೆ ನೀಲವ್ವ ಮಾತ್ರ ನಗುತ್ತಾ ಎಲ್ಲರಿಂದಲೂ ಅರ್ಜಿ ಬರೆಸಿ ಮಾಲೀಕರ ಮುಂದಿಟ್ಟಳು.

ಅವರು ಓದಿ ನೋಡಿದರೆ, ಬರುವ ಇಪ್ಪತ್ತನೇ ತಾರೀಖು ಮೂವತ್ತೂ ಮಂದಿಗೆ ಜ್ವರ! ಅಂದೇ ದೊಡ್ಡದೊಂದು ಮದುವೆಗೆ ಹಪ್ಪಳ ಕಳಿಸಬೇಕಿತ್ತು.

“ಏನವ್ವಾ ನೀಲವ್ವಾ ಇದು? ಜ್ವರ ಹೇಳಿ ಬರ್ತದೇನು?”

“ನಮಗೂ ಅನುಮಾನ ಇತ್ರೀ. ನಿಮ್ಮ ನೋಟಿಸು ಓದಿ, ಬರ್ತದ ಅಂತ ಗೊತ್ತಾತು.”

“ಆ ಜ್ವರ ಒಂದು ದಿನ ಮುಂದಕ್ಕ ಹಾಕ್ರವ್ವಾ!”

“ಮುಂದಕ್ಕ ಹೋಗಾಕ ಜ್ವರ ತಾನ ಅರ್ಜಿ ಕೊಡಬೇಕಲ್ರೀ. ಅದಕ್ಕ ಬರಿಯಾಕ ಬರಂಗಿಲ್ರೀ, ಸಾವ್ಕಾರ್ರ.”

ಗುರುಸಿದ್ದಪ್ಪನವರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡೇ ಹೋಗಿ ನೋಟಿಸನ್ನು ಹರಿದು ಹಾಕಿದರು. ಆ ಕ್ಷಣವೇ ಮೂವತ್ತೂ ಮಂದಿಯ ಇನ್ನೂ ಬಾರದ ಜ್ವರ ಇಳಿಯಿತು!