ಅಮ್ಮಣ್ಣಿಯ ಗಾಡಿ ನಿಂತ ಕತೆ

“ಕೇಳ್ರಪ್ಪೋ ಕೇಳಿ! ಎತ್ತರಗಿರಿಯ ಮಲ್ಲರಸ ದೊರೆಗಳ ಅಪ್ಪಣೆ. ಅಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಪಡೆಯುತ್ತಾರೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ಗಲ್ಲು, ಗಾಡಿ ಜವರಯ್ಯನ ಪಕ್ಕದಲ್ಲೇ!”

ಡಂಗುರದ ಈ ಕಡೆಯ ಮಾತು ಕಿವಿಗೆ ಬಿದ್ದಾಗ ಮಾಯಿಗ ಸೆರೆಮನೆಯ ಕಿಟಕಿಯಲ್ಲಿ ಬುತ್ತಿ ಚಾಚಿ ನಿಂತಿದ್ದ. ಆ ಜವರಯ್ಯ ಅವನ ಅಪ್ಪ.

ನಡೆದದ್ದು ಇಷ್ಟು. ಕುದುರೆಯಿಂದ ಬಿದ್ದು ಅಮ್ಮಣ್ಣಿಯ ಕಾಲು ಹೋದ ಮೇಲೆ, ದೊರೆ ತಾನು ಆಟದ ಬಯಲಲ್ಲಿ ಓಡಿಸುತ್ತಿದ್ದ ಗಾಲ್ಫ್ ಗಾಡಿಯನ್ನು ಮಗಳಿಗೆ ಕೊಟ್ಟಿದ್ದ. ಅದೇ ಅವಳಿಗೆ ಕಾಲಾಯಿತು. ಅದನ್ನು ನೋಡಿಕೊಳ್ಳುವ ಕೆಲಸ ಜವರಯ್ಯನದು. ಸೀಟಿನಡಿಯ ಸೀಸದ ಬ್ಯಾಟರಿಗಳು ಮುದಿಯಾಗಿ ದಿಬ್ಬ ಹತ್ತಲಾರದೆ ಹೋದಾಗ ದೊರೆ ಅವನ್ನು ತೆಗೆಸಿ ಲಿಥಿಯಂ ಬ್ಯಾಟರಿ ಹಾಕಿಸಿದ. ಕೆಲವೇ ವಾರ ಗಾಡಿ ಜಿಂಕೆಯಂತೆ ಓಡಿತು. ಆಮೇಲೆ ಒಂದು ಮಧ್ಯಾಹ್ನ ನಡುದಿಬ್ಬದಲ್ಲಿ ನಿಂತುಬಿಟ್ಟಿತು. ಇಳಿದು ನಡೆಯಲಾಗದ ಅಮ್ಮಣ್ಣಿ ಸಂಜೆಯ ತನಕ ಒಬ್ಬಳೇ ಬಿಸಿಲಲ್ಲಿ ಬೆಂದಳು. ಗಾಡಿ ಮತ್ತೆ ಏಳಲಿಲ್ಲ. ದೊರೆ ಕೆಂಡಾಮಂಡಲವಾಗಿ, ಗಾಡಿ ಕೆಡಿಸಿದವನಿಗೆ ಗಲ್ಲು ಎಂದ. ಗಾಡಿ ಮುಟ್ಟುತ್ತಿದ್ದವನು ಜವರಯ್ಯನೊಬ್ಬನೇ, ಇನ್ನು ವಿಚಾರಣೆಯಾದರೂ ಏತಕ್ಕೆ?

“ನಾನು ಹೋಗ್ತೀನಿ ಕಣಪ್ಪ” ಎಂದ ಮಾಯಿಗ.

ಜವರಯ್ಯ ಸರಳಿನ ಸಂದಿಯಿಂದ ಮಗನ ಕೈ ಹಿಡಿದುಕೊಂಡ. “ಬೇಡ ಮಗ. ಅವತ್ತು ಗಾಡಿ ಷೆಡ್ಡಲ್ಲಿ ದೊರೆ ಆಡಿದ ಮಾತು ನೀನೂ ಕೇಳ್ಕೊಂಡಿದ್ದೀಯ. ಅದು ಬಾಯಿಗೆ ಬಂದ್ರೆ ನಿನ್ನೂ ಉಳಿಸಲ್ಲ. ಒಬ್ಬ ಹೋದ್ರೆ ಸಾಕು. ನಿಮ್ಮವ್ವನಿಗೆ ಯಾರವ್ರೆ?”

ಮಾಯಿಗನಿಗೆ ಅಳು ಬಂತು. ಹೋಗದಿದ್ದರೆ ಅಪ್ಪ ಸಾಯುತ್ತಾನೆ, ಹೋದರೆ ತಾನೂ ಸಾಯಬಹುದು. ಬುತ್ತಿಯನ್ನು ಅಲ್ಲೇ ಬಿಟ್ಟು ಓಡಿದ.

ದಿಬ್ಬದ ಬುಡದ ಬಯಲಲ್ಲಿ ಸಭೆ ನೆರೆದಿತ್ತು. ಆಳುಗಳು ತಳ್ಳಿ ತಂದ ಕೆಟ್ಟ ಗಾಡಿಯಲ್ಲೇ ಅಮ್ಮಣ್ಣಿ ಕೂತಿದ್ದಳು. ಬೇರೆ ಆಸನ ತಂದರೂ ಆಕೆ ಇಳಿದಿರಲಿಲ್ಲ. ಮೊದಲು ನೆರೆರಾಜ್ಯದ ರಾಜಕುಮಾರ ಮೀಸೆ ತಿರುವುತ್ತ ಮುಂದೆ ಬಂದ.

“ಒಂದೇ ಕೋಣೆಯಲ್ಲಿ ಆರು ಜನ ಅಣ್ಣತಮ್ಮಂದಿರು” ಎಂದಳು ಅಮ್ಮಣ್ಣಿ. “ಹುಟ್ಟಿದಾಗಿನಿಂದ ನೀರು ಕುಡಿಯುತ್ತಾರೆ. ವಯಸ್ಸಾದಷ್ಟೂ ಹೆಚ್ಚು ಕುಡಿಯುತ್ತಾರೆ, ಕಡಿಮೆ ನಡೆಯುತ್ತಾರೆ. ಯಾರವರು?”

ರಾಜಕುಮಾರ ಆಕಾಶ ನೋಡಿ, “ಕಾಮ, ಕ್ರೋಧ ಮೊದಲಾದ ಆರು ವೈರಿಗಳು” ಎಂದ. ಅಮ್ಮಣ್ಣಿ ಅಲ್ಲವೆಂದು ತಲೆಯಾಡಿಸಿದಳು. ಭಟರು ಅವನನ್ನು ಸೆರೆಮನೆಗೆ ಎಳೆದುಕೊಂಡು ಹೋದರು. ಅವನ ಹಿಂದೆ ಬಂದ ರೇಷ್ಮೆ ವ್ಯಾಪಾರಿಯೂ ಆಕಾಶವನ್ನೇ ನೋಡಿ, “ಆರು ಋತುಗಳು” ಎಂದ. ಅವನೂ ಹೋದ. ಒಬ್ಬರಾದರೂ ಕಣ್ಣು ಕೆಳಗಿಳಿಸಿ ಆಕೆ ಕೂತ ಸೀಟಿನ ಕಡೆ ನೋಡಲಿಲ್ಲ. ಒಬ್ಬೊಬ್ಬರು ಹೋದಾಗಲೂ ಅಮ್ಮಣ್ಣಿಯ ಮುಖ ಇನ್ನಷ್ಟು ಕಂದುತ್ತಿತ್ತು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಮಾಯಿಗ ಬಂದ. ಅವನ ಕಣ್ಣು ಸೀಟಿನ ಮೇಲೇ ಇತ್ತು.

“ಆರು ಜನ ನಿಮ್ಮ ಸೀಟಿನಡಿ ಇದ್ದ ಸೀಸದ ಬ್ಯಾಟರಿಗಳು ಅಮ್ಮಣ್ಣಿ. ನಮ್ಮಪ್ಪ ಮುಚ್ಚಳ ತೆಗೆದು ನೀರು ಹಾಕ್ತಾ ಇತ್ತು. ಮುದಿಯಾದ ಮೇಲೆ ಎಷ್ಟು ಹಾಕಿದ್ರೂ ಸಾಲ್ತಿರಲಿಲ್ಲ.”

ಸಭೆ ಗುಜುಗುಜು ಎಂದಿತು. ಅಮ್ಮಣ್ಣಿ ಉಸಿರು ಎಳೆದುಕೊಂಡು ಎರಡನೆಯದನ್ನು ಕೇಳಿದಳು. “ಆ ಆರು ಜನರ ಜಾಗಕ್ಕೆ ಒಬ್ಬನೇ ಬಂದ. ನೀರು ಬೇಡಲಿಲ್ಲ. ಕಡೆಯ ಹೆಜ್ಜೆಯ ತನಕ ನಗುನಗುತ್ತ ನಡೆದು, ಹೇಳದೆ ಕೇಳದೆ ಬಾಗಿಲು ಹಾಕಿಕೊಂಡ. ಯಾರು, ಯಾಕೆ?”

“ಲಿಥಿಯಂ ಬ್ಯಾಟರಿ. ಸೀಸದ್ದು ಸುಸ್ತಾದ್ರೆ ಗಾಡಿ ನಿಧಾನ ಆಗಿ ಗೊತ್ತಾಗುತ್ತೆ. ಇದು ಖಾಲಿಯಾಗೋ ತನಕ ಒಂದೇ ಸಮ ಓಡುತ್ತೆ. ಹಳೇ ಮೀಟರು ಇನ್ನೂ ತುಂಬೈತೆ ಅಂತಲೇ ತೋರಿಸ್ತಿರುತ್ತೆ. ತೀರಾ ಕಡಿಮೆಯಾದಾಗ ತನ್ನ ಜೀವ ಉಳಿಸ್ಕೊಳ್ಳೋಕೆ ತಾನೇ ಬಾಗಿಲು ಹಾಕ್ಕೊಳ್ಳುತ್ತೆ.”

ಅಮ್ಮಣ್ಣಿ ಒಮ್ಮೆ ತಂದೆಯ ಕಡೆ ನೋಡಿದಳು. ದನಿ ಸಣ್ಣದಾಯಿತು. “ಹಿರಿಯರನ್ನು ಸಾಕಿದ ಅನ್ನವೇ ಕಿರಿಯನಿಗೆ ವಿಷವಾಯಿತು. ಅವನು ಬಾಗಿಲು ತೆರೆಯಲೇ ಇಲ್ಲ. ಆ ಅನ್ನ ಯಾವುದು? ಬಡಿಸಿದ್ದು ಯಾರು?”

ಮಾಯಿಗನಿಗೆ ಅಪ್ಪನ ಮಾತು ನೆನಪಾಯಿತು. ಗೊತ್ತಿಲ್ಲ ಎಂದರೂ ಗಲ್ಲು, ಗೊತ್ತು ಎಂದರೂ ಗಲ್ಲು. ದೊರೆಯ ಮುಖ ನೋಡುವ ಧೈರ್ಯ ಸಾಲದೆ ಗಾಡಿಯ ಚಕ್ರ ನೋಡುತ್ತ ಹೇಳಿದ.

“ಅನ್ನ ಅಂದ್ರೆ ಹಳೇ ಚಾರ್ಜರು. ಅದು ಸೀಸದ ಬ್ಯಾಟರಿಗೆ ಮಾಡಿದ್ದು. ಲಿಥಿಯಂಗೆ ಹಚ್ಚಿದ್ರೆ ಹೊಟ್ಟೆ ತುಂಬಿದ ಮೇಲೂ ತುರುಕ್ತಾನೇ ಇರುತ್ತೆ. ಹಂಗೆ ತುರುಕಿ ತುರುಕಿ ಅದು ಒಳಗೇ ಕೆಟ್ಟೋಯ್ತು, ಅದಕ್ಕೇ ಮತ್ತೆ ಏಳಲಿಲ್ಲ. ಬೇರೆ ಚಾರ್ಜರು ಬೇಕು ಬುದ್ಧಿ ಅಂತ ನಮ್ಮಪ್ಪ ಕೈಮುಗಿದು ಕೇಳ್ತು. ‘ಇರೋದನ್ನೇ ಹಚ್ಚೋ, ನನಗೆ ಬುದ್ಧಿ ಹೇಳಬೇಡ’ ಅಂತ ಅಪ್ಪಣೆಯಾಯ್ತು. ಬಡಿಸಿದ ಕೈ ನಮ್ಮಪ್ಪನದು. ಬಡಿಸು ಅಂದ ಬಾಯಿ ದೊರೆಗಳದ್ದು.”

ಮಲ್ಲರಸನ ಕೈ ಕತ್ತಿಯ ಹಿಡಿಗೆ ಹೋಯಿತು.

“ಸರಿಯುತ್ತರ” ಎಂದಳು ಅಮ್ಮಣ್ಣಿ. “ಅಪ್ಪಾಜಿ, ಇದನ್ನೇ ನಾನು ನೇರವಾಗಿ ಹೇಳಿದೆ, ನೀವು ಎದ್ದು ಹೋದಿರಿ. ಒಗಟು ಮಾಡಿದರೆ ಕೇಳುತ್ತೀರಿ ಅಂದುಕೊಂಡೆ. ನೀವು ಅದಕ್ಕೂ ಗಲ್ಲು ಕಟ್ಟಿದಿರಿ. ಗಾಡಿ ಕೆಡಿಸಿದವನನ್ನು ಈಗ ಗಲ್ಲಿಗೇರಿಸುತ್ತೀರಾ?”

ದೊರೆ ಮಾಯಿಗನ ಕಡೆ ತಿರುಗಿದ. ಕೈ ಕತ್ತಿಯಿಂದ ಜಾರಿತು. “ಏನು ಬೇಕು ಕೇಳಪ್ಪ” ಎಂದ.

“ನಮ್ಮಪ್ಪ ಬೇಕು. ತಪ್ಪು ಹೇಳಿ ಒಳಗೆ ಕೂತವರನ್ನೂ ಬಿಡಿ. ಅಮ್ಮಣ್ಣಿಯವರಿಗೆ ಹೊಸ ಬ್ಯಾಟರಿ, ಅದಕ್ಕೊಪ್ಪುವ ಚಾರ್ಜರು, ಮೀಟರು ತರಿಸಿ ಬುದ್ಧಿ.”

ದೊರೆ ಕೇಳಿದ್ದಕ್ಕೆಲ್ಲ ಒಪ್ಪಿದ, ಮೇಲೆ ಬಯಲಿನಂಚಿನ ಹೊಲವನ್ನೂ ಕೊಟ್ಟ. ಸೆರೆಮನೆಯ ಬೀಗವನ್ನು ತಾನೇ ತೆಗೆದ. ಜವರಯ್ಯ ಹೊರಗೆ ಬಂದವನು ಮಗನನ್ನು ತಬ್ಬಿಕೊಂಡು, ಕಣ್ಣೊರೆಸಿಕೊಂಡು, ದೊರೆಯನ್ನು ಒಂದೇ ಮಾತು ಕೇಳಿದ: “ಆ ಚಾರ್ಜರು ಕಿತ್ತು ಹಾಕಿದ್ರಾ ಬುದ್ಧಿ?”

ಹೊಸ ಬ್ಯಾಟರಿ ಇನ್ನೂ ಬಂದಿರಲಿಲ್ಲ, ಅಮ್ಮಣ್ಣಿ ದಿಬ್ಬದ ಮೇಲಿನ ಅರಮನೆಗೆ ಮರಳಬೇಕಿತ್ತು. ಪಕ್ಕದ ಸೀಟಿನಲ್ಲಿ ಜವರಯ್ಯನನ್ನೇ ಕೂರಿಸಿಕೊಂಡಳು. ತಳ್ಳಲು ಬಂದ ಆಳುಗಳನ್ನು ದೊರೆ ಸರಿಸಿದ. ದೊರೆಯೊಂದು ಕಡೆ, ಮಾಯಿಗನೊಂದು ಕಡೆ ಹೆಗಲು ಕೊಟ್ಟರು. ಸೀಸ ಇಳಿದ ಗಾಡಿ ಮೊದಲಿಗಿಂತ ಹಗುರವಾಗಿತ್ತು, ಆದರೂ ದಿಬ್ಬ ದಿಬ್ಬವೇ. ನಡುದಾರಿಯಲ್ಲಿ ದೊರೆಗೆ ಏದುಸಿರು ಬಂತು. ಆದರೂ ನಿಲ್ಲಲಿಲ್ಲ; ನಿಂತರೆ ಮಗಳು ಹಿಂದಕ್ಕೆ ಜಾರುತ್ತಿದ್ದಳು.