ಗೂಟದ ತೋಪು

ದನ ಕಾಯುವ ಈರಪ್ಪಜ್ಜನಿಗೆ ಒಂದು ಅಭ್ಯಾಸವಿದೆ. ತೋಪಿನ ನೆರಳಲ್ಲಿ ಕುಳಿತ ಅವನನ್ನು ಯಾರಾದರೂ ‘ಇದು ಯಾವ ಊರಿನ ಸೀಮೆ?’ ಎಂದು ಕೇಳಿದರೆ, ಗಡ್ಡ ಕೆರೆದುಕೊಂಡು ಒಂದು ಕೈ ಮೂಡಲಿಗೂ ಇನ್ನೊಂದು ಕೈ ಪಡುವಲಿಗೂ ಚಾಚುತ್ತಾನೆ. ತಪ್ಪು ಅವನದಲ್ಲ. ಮೂಡಲಿಗೆ ಬಿಳೆಕಲ್ಲು, ಪಡುವಲಿಗೆ ಜಾಲಿಹಾಳು. ನಡುವೆ ಬಸರಿ, ಹಿಪ್ಪೆ, ಹೊಂಗೆ, ನೇರಳೆ ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಹೆಸರು ಗೂಟದ ತೋಪು. ಒಳಗೆ ದಿನವಿಡೀ ಹುಡುಕಿದರೂ ಒಂದೇ ಒಂದು ಗೂಟ ಸಿಕ್ಕದು.

ಹಿಂದೆ ಒಮ್ಮೆ ಇಲ್ಲಿ ಮರವೇ ಇರಲಿಲ್ಲ, ಬರೀ ಗೂಟಗಳಿದ್ದವು ಎನ್ನುತ್ತಾರೆ. ಎರಡು ಊರುಗಳ ಗಡಿಗೆ ನೆಟ್ಟ ಹನ್ನೆರಡು ಒಣಗೂಟಗಳನ್ನು ಕಾಯುವುದು ತಳವಾರ ಮಾರೆಪ್ಪನ ಕೆಲಸ. ಅದಕ್ಕಾಗಿ ಗಡಿಯ ಪಕ್ಕದಲ್ಲೇ ಅವನಿಗೊಂದು ತುಂಡು ಹೊಲ ಬಿಟ್ಟಿದ್ದರು. ಗಡಿಯ ಗೆರೆ ತಪ್ಪಿದರೆ ಹೊಲವೂ ಕೈತಪ್ಪಿದಂತೆ. ಮಾರೆಪ್ಪ ಜ್ವರದಲ್ಲಿ ಮಲಗಿದ್ದ ಒಂದು ಬೇಸಿಗೆಯಲ್ಲಿ ಗೆದ್ದಲು ಒಂದು ಗೂಟವನ್ನು ತಿಂದುಬಿಟ್ಟಿತು. ಹೆಂಡತಿ ಹುಲಿಗೆವ್ವ ಗಾಬರಿಯಲ್ಲಿ ಹಸಿ ಬಸರಿಕೊಂಬೆಯೊಂದನ್ನು ಕಡಿದು ತಂದು ಅಲ್ಲಿ ನೆಟ್ಟಳು. ಮೊದಲ ಮಳೆಗೆ ಅದು ಕೆಂಪಗೆ ಚಿಗುರಿತು. ಗೂಟ ಚಿಗುರಬಹುದೇ? ಹಾಗೆಂದು ಯಾರೂ ಹೇಳಿರಲಿಲ್ಲ. ಚಿಗುರಬಾರದು ಎಂದೂ ಹೇಳಿರಲಿಲ್ಲ. ಚಿವುಟಲು ಹೋದಳು, ಉಗುರಿಗೆ ಹಾಲು ಅಂಟಿತು, ಕೈ ಹಿಂದೆ ಬಂತು. ಮರುದಿನ ಅದೇ ಕೈಯಲ್ಲಿ ನೀರಿನ ಕೊಡವಿತ್ತು.

“ಏನವ್ವಾ, ಗೂಟಕ್ಕ ನೀರು ಹಾಕಿದ್ರ ಗಡಿ ದಪ್ಪ ಆಗ್ತೈತೇನ?” ಎಂದು ದಾರಿಹೋಕರು ಕಿಚಾಯಿಸಿದರು.

“ನಿಮಗ ನೀರಡಿಸೂದಿಲ್ಲೇನಪ್ಪಾ?” ಎಂದಳೇ ಹೊರತು, ತಾನು ಮಾಡುತ್ತಿರುವುದು ಏನೆಂದು ಅವಳಿಗೂ ತಿಳಿದಿರಲಿಲ್ಲ. ಒಂದು ಗೂಟದ ಬುಡಕ್ಕೆ ಹಿಪ್ಪೆಬೀಜ ಹಾಕಿದಳು. ಮತ್ತೊಂದಕ್ಕೆ ಹೊಂಗೆ. ಆಮೇಲೆ ಕೈ ನಿಲ್ಲಲಿಲ್ಲ. ದಾರಿಯಲ್ಲಿ ಬಿದ್ದ ನೇರಳೆಬೀಜವೂ ಸೆರಗಿನ ಗಂಟು ಸೇರತೊಡಗಿತು. ಗೆದ್ದಲು ಗೂಟಗಳನ್ನು ತಿಂದಿತು, ಗಿಡಗಳನ್ನು ಬಿಟ್ಟಿತು. ಬಾವಲಿಗಳು ಹಣ್ಣು ತಿಂದು ಗೆರೆಯ ಆಚೆಗೂ ಈಚೆಗೂ ಬೀಜ ಚೆಲ್ಲಿದವು. ಹೆಚ್ಚು ಗಿಡ ಎದ್ದದ್ದು ಅವಳದೇ ಹೊಲದಲ್ಲಿ.

ವರ್ಷಗಳು ಕಳೆದು ಗೆರೆ ಮರಗಳಲ್ಲಿ ಮರೆಯಾದಾಗ, ಒಂದು ದಿನ ಎರಡೂ ಊರಿನ ಗೌಡರು ಆಳುಗಳ ಕೈಯಲ್ಲಿ ಕೊಡಲಿ ಹಿಡಿಸಿಕೊಂಡು ಬಂದರು. “ಗೆರಿ ತೋರಿಸು, ಹುಲಿಗೆವ್ವಾ. ಆಚೀಚೀ ಇರೋದೆಲ್ಲ ಕಡಸ್ತೀವಿ, ಹೊಲ ನಿನಗ ಉಳೀತೈತಿ” ಎಂದ ಬಿಳೆಕಲ್ಲಿನ ಗೌಡ. ಅವಳು ಮೊದಲು ನೆಟ್ಟ ಬಸರಿಯನ್ನು ಹುಡುಕಿಕೊಂಡು ಹೋದಳು. ಅಂಥವೇ ನಾಲ್ಕು ಬಸರಿಗಳಿದ್ದವು. ಒಂದನ್ನು ಮುಟ್ಟಿದಳು, ಇದಲ್ಲವೆನಿಸಿತು. ಇನ್ನೊಂದನ್ನು ಮುಟ್ಟಿದಳು, ಅದೂ ಇರಬಹುದೆನಿಸಿತು. ಹಾಗೇ ಹಿಂದಿರುಗಿ ಬಂದು, ಆಳಿನ ಕೈಯಿಂದ ಕೊಡಲಿ ಇಸಿದುಕೊಂಡಳು.

ಈಗ ನೋಡಹೋದವರಿಗೆ ಎರಡೂ ಊರಿನ ನೇಗಿಲ ಸಾಲುಗಳು ತೋಪಿನ ಅಂಚಿಗೆ ಬಂದು ಹಿಂದಕ್ಕೆ ತಿರುಗಿರುವುದು ಕಾಣುತ್ತದೆ. ಮಾರೆಪ್ಪನ ಹೊಲ ಒಳಗೇ ಎಲ್ಲೋ ಇದೆ. ಅದನ್ನು ಅವನಿಂದ ಕಿತ್ತುಕೊಂಡದ್ದು ಯಾರು ಎಂದರೆ, ಗೌಡರಂತೂ ಅಲ್ಲ ಎನ್ನುತ್ತಾರೆ. ಆ ದಿನ ಹುಲಿಗೆವ್ವ ಕೊಡಲಿ ಹಿಡಿದು ಕೇಳಿದ್ದು ಇಷ್ಟೇ: “ನನಗ ತಿಳೀವಲ್ದು, ಗೌಡ್ರ. ಗೆರಿ ಎಲ್ಲೈತಿ ನೀವ ತೋರಿಸ್ರಿ, ಅದರ ಮ್ಯಾಲಿರೋದನ್ನ ನಾನ ಕಡೀತೀನಿ.” ಬಿಳೆಕಲ್ಲಿನ ಗೌಡನ ಕೈ ಪಡುವಲಿಗೆ ಚಾಚಿತು, ಜಾಲಿಹಾಳಿನ ಗೌಡನ ಕೈ ಮೂಡಲಿಗೆ.